ಪೈಥಾನ್ ಭಾಷೆಯ ಪ್ರಸ್ತಾವಪತ್ರಗಳು: ಇತಿಹಾಸದ ಆಕರಗಳಾಗಿ ಒಂದು ವಿಮರ್ಶೆ

ಜನರಾಡುವ ಭಾಷೆಯ ಇತಿಹಾಸವನ್ನು ಅರಸುವವನಿಗೆ, ಅದರ ಒಂದು ಪ್ರತ್ಯಯವು ಯಾರಿಂದ, ಯಾವ ವಾದದ ಬಲದಿಂದ ಬಳಕೆಗೆ ಬಂದಿತೆಂದು ತಿಳಿಸುವ ಸಾಕ್ಷ್ಯ ದೊರೆಯುವುದಿಲ್ಲ. ಗಣಕಯಂತ್ರಕ್ಕೆ ಆದೇಶ ಕೊಡಲೆಂದು ನಿರ್ಮಿಸಿಕೊಂಡ ಕೃತಕಭಾಷೆಗಳ ವಿಷಯ ಹಾಗಲ್ಲ. ಅವುಗಳಲ್ಲಿ ಪೈಥಾನ್ ವಿಶೇಷವಾಗಿ ಗಮನಾರ್ಹವಾದುದು. ೧೯೮೯ರ ಕೊನೆಯಲ್ಲಿ, ಆಂಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನ ಸಂಸ್ಥೆಯಲ್ಲಿದ್ದ ಗೀಡೋ ವಾನ್ ರಾಸಮ್ ಎಂಬವರು ಇದನ್ನು ಆರಂಭಿಸಿ, ೧೯೯೧ರಲ್ಲಿ ಸರ್ವರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಮುಂದೆ ಇದನ್ನು ಬೆಳೆಸಿದವರಲ್ಲಿ ಬಹುಮಂದಿ ಸ್ವಪ್ರೇರಣೆಯಿಂದ ದುಡಿದವರು. ಭಾಷೆಯಲ್ಲಿ ಏನನ್ನಾದರೂ ಬದಲಿಸಬೇಕೆಂಬವರು ತಮ್ಮ ಪಕ್ಷವನ್ನು ಲಿಖಿತರೂಪದಲ್ಲಿ ಮಂಡಿಸತಕ್ಕದ್ದೆಂಬ ಕ್ರಮವು ೨೦೦೦ದಲ್ಲಿ ಏರ್ಪಟ್ಟಿತು. ಈ ಪ್ರಸ್ತಾವಪತ್ರಗಳಿಗೆ ಪೆಪ್ ಎಂದು ಹೆಸರು. ಒಂದೊಂದಕ್ಕೂ ಒಂದು ಸಂಖ್ಯೆಯುಂಟು. ತಿರಸ್ಕೃತವಾದವನ್ನೂ ಅಳಿಸದೆ ಉಳಿಸಿದ್ದಾರೆ. ದಾನಶಾಸನವನ್ನು ಓದುವ ನಮಗೆ ಕೊಟ್ಟ ಭೂಮಿಯ ಎಲ್ಲೆ ತಿಳಿಯುತ್ತದೆಯೇ ಹೊರತು, ಕೊಡಬಾರದೆಂದು ವಾದಿಸಿದವರು ಯಾರೆಂಬುದು ತಿಳಿಯದು. ಇಲ್ಲಿ ಅದೂ ತಿಳಿಯುವಂತೆ ತೋರುತ್ತದೆ. ತೋರುತ್ತದೆ ಎಂದು ಬುದ್ಧಿಪೂರ್ವಕವಾಗಿಯೇ ಹೇಳಿದ್ದೇನೆ.

ಮೊದಲನೆಯ ಪತ್ರದಲ್ಲಿಯೇ ಒಂದು ನಿಯಮವಿದೆ: ಸಮುದಾಯದಲ್ಲಿ ಒಮ್ಮತವನ್ನು ಸಾಧಿಸುವ ಹೊಣೆ ಪ್ರಸ್ತಾವಕನದು, ಭಿನ್ನಾಭಿಪ್ರಾಯಗಳನ್ನು ದಾಖಲಿಸುವ ಹೊಣೆಯೂ ಅವನದೇ. ನಮ್ಮ ಶಾಸ್ತ್ರಗ್ರಂಥಗಳನ್ನು ಬಲ್ಲವರಿಗೆ ಈ ಪದ್ಧತಿ ಹೊಸದಲ್ಲ. ಅಲ್ಲಿಯೂ ಪೂರ್ವಪಕ್ಷವನ್ನು ಬರೆಯುವವನು ಸಿದ್ಧಾಂತಿಯೇ. ಚಾರ್ವಾಕರ ಮತವನ್ನು ನಾವು ಬಹುಮಟ್ಟಿಗೆ ಅವರ ಎದುರಾಳಿಗಳ ಬಾಯಿಂದಲೇ ಕೇಳಬೇಕಾಗಿ ಬಂದಿರುವುದು ಇದರ ಫಲ. ಎದುರಾಳಿಯ ವಾದಗಳಲ್ಲಿ ತನಗೆ ಉತ್ತರ ಹೊಳೆದವು ಮಾತ್ರ ಪೂರ್ವಪಕ್ಷದಲ್ಲಿ ಸ್ಥಾನ ಪಡೆಯುವುದು ಮನುಷ್ಯಸಹಜ.

ಇದಕ್ಕೆ ೫೭೨ನೆಯ ಪತ್ರ ಉತ್ತಮ ನಿದರ್ಶನ. ೨೦೧೮ರಲ್ಲಿ ಮಂಡಿತವಾದ ಈ ಪತ್ರದ ವಿಷಯ ಮೇಲುನೋಟಕ್ಕೆ ಅತ್ಯಲ್ಪ. ಪೈಥಾನಿನಲ್ಲಿ ಒಂದು ಬೆಲೆಗೆ ಹೆಸರಿಡುವುದು ಸ್ವತಂತ್ರವಾದೊಂದು ವಾಕ್ಯ. ಮತ್ತೊಂದು ವಾಕ್ಯದ ಒಡಲಿನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಎರಡು ಬಿಂದುಗಳೂ ಮಗ್ಗುಲಲ್ಲಿ ಒಂದು ಸಮಚಿಹ್ನೆಯೂ ಕೂಡಿದ ಹೊಸ ಸಂಕೇತದಿಂದ ಆ ಎಡೆಯನ್ನು ಕಲ್ಪಿಸಬೇಕೆಂಬುದು ಪ್ರಸ್ತಾವ. ಬರಿಯ ಸಮಚಿಹ್ನೆ ಏಕೆ ಸಾಲದು? ಸಿ ಎಂಬ ಹಳೆಯ ಭಾಷೆಯಲ್ಲಿ ಒಂಟಿ ಸಮಚಿಹ್ನೆಯು ಹೆಸರಿಡುವುದಕ್ಕೂ ಜೋಡಿ ಸಮಚಿಹ್ನೆಯು ಹೋಲಿಸುವುದಕ್ಕೂ ಸಲ್ಲುವುದರಿಂದ, ಒಂದಕ್ಕೆ ಇನ್ನೊಂದನ್ನು ಬರೆದು ಪ್ರಮಾದಕ್ಕೊಳಗಾದವರು ಅಸಂಖ್ಯಾತರು. ಪತ್ರವು ಇದನ್ನು ವಿಶದವಾಗಿ ಚರ್ಚಿಸುತ್ತದೆ. ಬೇರೆ ಸಂಕೇತಗಳನ್ನು ಹೆಸರಿಸಿ, ಕೈಬಿಟ್ಟ ಕಾರಣಗಳನ್ನು ಕೊಡುತ್ತದೆ. ಲೇಖಕರಲ್ಲೊಬ್ಬರಾದ ಟಿಮ್ ಪೀಟರ್ಸ್ ತಮ್ಮ ಹಳೆಯ ಬರಹಗಳನ್ನು ಮರುಪರೀಕ್ಷಿಸಿ, ಹೊಸ ಸಂಕೇತ ಎಲ್ಲಿ ಹಿತ, ಎಲ್ಲಿ ಅಹಿತವೆಂದು ತೂಗಿ ನೋಡಿದ ಅನುಬಂಧವಂತೂ ಪ್ರಾಮಾಣಿಕ ಪಾಂಡಿತ್ಯಕ್ಕೆ ಮಾದರಿ.

ಆದರೆ ಪತ್ರದಲ್ಲಿ ಉತ್ತರ ಪಡೆದ ಆಕ್ಷೇಪಗಳೆಲ್ಲ ‘ಈ ಸೌಲಭ್ಯ ಹೇಗಿರಬೇಕು’ ಎಂಬ ಬಗೆಯವು. ‘ಇದು ಬೇಡವೇ ಬೇಡ, ಭಾಷೆಯ ಸರಳತೆಗೆ ಭಂಗ’ ಎಂದವರ ಪಕ್ಷಕ್ಕೆ ಅಲ್ಲಿ ಪ್ರತ್ಯೇಕ ಶೀರ್ಷಿಕೆಯಿಲ್ಲ. ವಿವಾದದ ಬೇಗೆಯೆಲ್ಲ ಇದ್ದದ್ದು ಅಲ್ಲಿಯೇ. ಪ್ರಸ್ತಾವವನ್ನು ಅಂಗೀಕರಿಸಿದ ಮೇಲೆ, ೨೦೧೮ರ ಜುಲೈ ೧೨ರಂದು ವಾನ್ ರಾಸಮ್ ತಮ್ಮ ಅಂತಿಮ ನಿರ್ಣಾಯಕ ಸ್ಥಾನವನ್ನು ತ್ಯಜಿಸಿದರು. ಆಜೀವ ಹಿತೈಷಿ ಸರ್ವಾಧಿಕಾರಿ ಎಂಬ ವಿನೋದದ ಬಿರುದನ್ನು ಅವರು ಬಹುಕಾಲ ಧರಿಸಿದ್ದರು. ಒಂದು ಪ್ರಸ್ತಾವಕ್ಕಾಗಿ ಇಷ್ಟು ಹೋರಾಡಿ, ಕೊನೆಗೆ ಇಷ್ಟು ಮಂದಿಯ ತಿರಸ್ಕಾರಕ್ಕೆ ಗುರಿಯಾಗುವುದು ತಮಗೆ ಇನ್ನು ಬೇಡವೆಂಬುದು ಅವರು ಕೊಟ್ಟ ಕಾರಣದ ಸಾರ. ಉತ್ತರಾಧಿಕಾರಿಯನ್ನೂ ಅವರು ನೇಮಿಸಲಿಲ್ಲ. ೫೭೨ನೆಯ ಪತ್ರವನ್ನಷ್ಟೇ ಓದಿದವನಿಗೆ ಈ ಪಲ್ಲಟದ ಸುಳಿವೂ ಹತ್ತುವುದಿಲ್ಲ. ವಿವಾದದ ನಿಷ್ಕರ್ಷೆ ಉಳಿದಿದೆ, ದಣಿವು ಉಳಿದಿಲ್ಲ.

ಮತದಾನದಿಂದ ಇದು ಪರಿಹಾರವಾಗುತ್ತಿತ್ತೆ? ೩೦೮ನೆಯ ಪತ್ರವನ್ನು ನೋಡಿದರೆ ಹಾಗೆನ್ನಲಾಗದು. ಷರತ್ತನ್ನು ಒಂದೇ ಪದಪುಂಜದಲ್ಲಿ ಹೇಳುವ ರೂಪವೊಂದು ಬೇಕೆಂದು ೨೦೦೩ರಲ್ಲಿ ಚರ್ಚೆಯೆದ್ದು, ಮತ ತೆಗೆದುಕೊಂಡರು. ಅಂತಹದೊಂದು ರೂಪ ಬೇಕೆಂಬ ಆಸಕ್ತಿ ಸಾಮಾನ್ಯವಾಗಿತ್ತು. ಇಂತಹುದೇ ಆಗಲೆಂದು ಬಹುಮತ ಕೂಡಲಿಲ್ಲ. ಪ್ರಸ್ತಾವ ಬಿದ್ದುಹೋಯಿತು. ೨೦೦೫ರಲ್ಲಿ ವಾನ್ ರಾಸಮ್ ತಾವೇ ಒಂದು ರೂಪವನ್ನು ಆರಿಸಿದರು. ಮರುವರ್ಷ ಅದು ಬಳಕೆಗೆ ಬಂದಿತು.

ಇದೇ ಸಂಸ್ಥೆಯ ಪೂರ್ವಚರಿತ್ರೆಯಲ್ಲಿ ಇದಕ್ಕಿಂತ ಭಿನ್ನವಾದ ಮಾರ್ಗವೊಂದು ಕಾಣುತ್ತದೆ. ಮೊದಲು ಅದಕ್ಕೆ ಗಣಿತ ಕೇಂದ್ರವೆಂದು ಹೆಸರಿದ್ದಿತು; ಆಗ ಅದರ ನಿರ್ದೇಶಕರಾಗಿದ್ದ ವಾನ್ ವೈನ್‌ಗಾರ್ಡನ್ನರ ನೇತೃತ್ವದಲ್ಲಿ ಆಲ್ಗಾಲ್ ೬೮ ಎಂಬ ಭಾಷೆ ಸಿದ್ಧವಾಯಿತು. ೧೯೬೮ರ ಡಿಸೆಂಬರಿನಲ್ಲಿ ಮ್ಯೂನಿಕ್ಕಿನ ಸಭೆ ಅದನ್ನು ಅಂಗೀಕರಿಸಿದಾಗ ಡೈಕ್‌ಸ್ಟ್ರಾ, ಹೋರ್ ಮೊದಲಾದ ಎಂಟು ಮಂದಿ ಅಲ್ಪಸಂಖ್ಯಾತರ ವರದಿಯೊಂದನ್ನು ಬರೆದು ಸಹಿ ಹಾಕಿದರು. ಅದು ಪುಟಗಳ ಲೆಕ್ಕದಲ್ಲಿ ಚಿಕ್ಕದು. ಆದರೂ ಭಾಷೆಯ ಮೂಲಕಲ್ಪನೆಯನ್ನೇ ಒಪ್ಪದವರ ಮಾತು ಅವರದೇ ಪದಗಳಲ್ಲಿ, ಅವರದೇ ಹೊಣೆಯ ಮೇಲೆ ನಿಂತಿದೆ. ಸೌಜನ್ಯದಲ್ಲಿ ಪೈಥಾನಿಗರು ಅವರಿಗಿಂತ ಮೇಲೆಂದೇ ಇಟ್ಟುಕೊಳ್ಳೋಣ. ಆಕರದ ದೃಷ್ಟಿಯಿಂದ ಆ ಎಂಟು ಸಹಿಗಳ ಬೆಲೆ ಹೆಚ್ಚು.

ನಾಯಕನಿಲ್ಲದ ೨೦೧೮ರ ಉತ್ತರಾರ್ಧದಲ್ಲಿ ಪೈಥಾನಿನ ಬಳಗವೂ, ಹಾಗೆಂದು ಉದ್ದೇಶಿಸದೆಯೇ, ಈ ಮಾರ್ಗದ ಸಮೀಪಕ್ಕೆ ಬಂದಿತು. ಮುಂದಿನ ಆಡಳಿತ ಹೇಗಿರಬೇಕೆಂಬುದಕ್ಕೆ ಏಳು ಪ್ರಸ್ತಾವಗಳು ಬಂದವು: ಮತ್ತೆ ಒಬ್ಬನೇ ನಾಯಕನಿರಲೆಂದು ಒಂದು, ಯಾವ ನಾಯಕನೂ ಬೇಡವೆಂದು ಇನ್ನೊಂದು, ಹೊರಗಿನವರ ಮಂಡಲಿಯಿರಲೆಂದು ಮತ್ತೊಂದು. ಡಿಸೆಂಬರಿನ ಮತದಾನದಲ್ಲಿ ಐವರ ಚುನಾಯಿತ ಮಂಡಲಿಯ ಪಕ್ಷ ಗೆದ್ದಿತು. ೨೦೧೯ರ ಆದಿಯಲ್ಲಿ ಆಯ್ಕೆಯಾದ ಮೊದಲ ಐವರಲ್ಲಿ ವಾನ್ ರಾಸಮ್ ಕೂಡ ಒಬ್ಬರು. ಇತಿಹಾಸಕಾರನಿಗೆ ಗೆದ್ದ ಪತ್ರಕ್ಕಿಂತ ಸೋತ ಆರು ಪತ್ರಗಳು ಹೆಚ್ಚು ಪ್ರಯೋಜನಕರ. ಅವು ಪೂರ್ವಪಕ್ಷಗಳಲ್ಲ, ಒಂದೊಂದನ್ನೂ ಅದರ ಪ್ರತಿಪಾದಕರೇ ಬರೆದಿದ್ದಾರೆ.