ಯಾವ ಮಂಡಿಗೆ ಯಾವ ಮದ್ದು

ಮಂಡಿನೋವಿಗೆ ಗಿಡಮೂಲಿಕೆಯನ್ನು ಒರೆಗೆ ಹಚ್ಚಿದ ನಮ್ಮ ದೇಶದ ಪ್ರಯೋಗಗಳಲ್ಲಿ ನಾನು ಗೌರವದಿಂದ ಓದುವುದು ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು 2013ರಲ್ಲಿ ‘ರುಮಟಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದನ್ನು. ಮಂಡಿ ಸವೆದ 440 ರೋಗಿಗಳು, ನಾಲ್ಕು ಗುಂಪು, 24 ವಾರ. ಎರಡು ಗುಂಪಿಗೆ ಶುಂಠಿ, ಅಮೃತಬಳ್ಳಿ ಮುಂತಾದವುಗಳ ಸಾರ. ಉಳಿದೆರಡರಲ್ಲಿ ಒಂದಕ್ಕೆ ಗ್ಲುಕೋಸಮೈನ್, ಇನ್ನೊಂದಕ್ಕೆ ನೋವು ನಿವಾರಕ ಸೆಲೆಕಾಕ್ಸಿಬ್. ಯಾರು ಏನು ನುಂಗುತ್ತಿದ್ದಾರೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಕೊನೆಗೆ ನಾಲ್ಕೂ ಸರಿಸುಮಾರು ಸಮವೆಂದು ಬಂತು. ಆಯುರ್ವೇದ ಗೆದ್ದಿತೆಂದು ಹಿಗ್ಗಲು ಇಷ್ಟು ಸಾಕೆನ್ನಿಸಬಹುದು.

ನನಗೆ ಸಾಲದು. ಬರೀ ಸಕ್ಕರೆ ಗುಳಿಗೆಯ ಗುಂಪೊಂದು ಅಲ್ಲಿರಲಿಲ್ಲ. ಅಮೆರಿಕದಲ್ಲಿ 1,583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿಗುಳಿಗೆ ನುಂಗಿದವರಲ್ಲೇ ನೂರಕ್ಕೆ 60 ಮಂದಿಗೆ ನೋವು ಗಣನೀಯವಾಗಿ ತಗ್ಗಿತ್ತು; ಸೆಲೆಕಾಕ್ಸಿಬ್ ಪಡೆದವರಲ್ಲಿ 70, ಗ್ಲುಕೋಸಮೈನ್ ಪಡೆದವರಲ್ಲಿ 64. ಮಂಡಿನೋವು ತಾನಾಗಿ ಏರಿಳಿಯುವ ಕಾಯಿಲೆ. ತಡೆಯಲಾರದಷ್ಟು ಏರಿದಾಗ ಮದ್ದಿಗೆ ಓಡುತ್ತೇವೆ, ಇಳಿದಾಗ ಮದ್ದನ್ನು ಹೊಗಳುತ್ತೇವೆ. ಹೀಗಿರುವಾಗ ‘ಸಮ’ ಎಂಬ ಫಲಿತಾಂಶ, ಎಲ್ಲವೂ ಕೆಲಸ ಮಾಡಿದವು ಎಂದಷ್ಟೇ ಅಲ್ಲ, ಯಾವುದೂ ಹೆಚ್ಚೇನೂ ಮಾಡಲಿಲ್ಲ ಎಂದೂ ಆಗಬಹುದು. ಆದರೂ ಚೋಪ್ರಾ ತಂಡದ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು: ಮೂಲಿಕೆ ಸೇವಿಸಿದ ಏಳು ಮಂದಿಯ ರಕ್ತದಲ್ಲಿ ಯಕೃತ್ತಿನ ತೊಂದರೆಯನ್ನು ಸೂಚಿಸುವ ಕಿಣ್ವ ಎಸ್‌ಜಿಪಿಟಿ ಏರಿತ್ತು, ಮದ್ದು ನಿಲ್ಲಿಸಿದ ಮೇಲೆ ಇಳಿಯಿತು ಎಂಬುದನ್ನು ಅವರೇ ಬರೆದಿದ್ದಾರೆ. ‘ನಾಟಿ ಮದ್ದಿಗೆ ಅಡ್ಡಪರಿಣಾಮವೇ ಇಲ್ಲ’ ಎನ್ನುವವರು ಈ ಸಾಲನ್ನು ಓದುವುದಿಲ್ಲ.

ಈ ವರದಿಯನ್ನು ಚಳ್ಳಕೆರೆ, ಮೊಳಕಾಲ್ಮೂರು ಕಡೆ ತಂದು ಓದಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಇಲ್ಲಿನ ಮಂಡಿ ಒಂದೇ ಕಾರಣಕ್ಕೆ ನೋಯುವುದಿಲ್ಲ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ರೇಷ್ಮೆ ಸೀರೆ ನೇಯುವವರ ನೋವು ಒಂದು ಬಗೆ. ಶೇಂಗಾ ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ಕಿತ್ತವರದು ಇನ್ನೊಂದು. ಎಲ್ಲಕ್ಕಿಂತ ಮೋಸದ್ದು ಕೊಳವೆಬಾವಿ ನೀರಿನ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುವುದು ಮಾತ್ರವಲ್ಲ, ಮೂಳೆ ಗಡುಸಾಗಿ, ಕೀಲಿನ ಸುತ್ತಲ ನಾರುಗಳು ಸುಣ್ಣಗಟ್ಟಿ, ಸೊಂಟ ಬಗ್ಗದಂತಾಗಬಹುದು. 2006ರ ಚಿಕೂನ್‌ಗುನ್ಯಾ ಬಿಟ್ಟುಹೋದ ನೋವು ತಿಂಗಳುಗಟ್ಟಲೆ ಕಾಡಿ, ಬಹುತೇಕರಲ್ಲಿ ತಾನೇ ಹೋಯಿತು. ಆಗ ಕೈಲಿದ್ದ ಮದ್ದಿಗೆಲ್ಲ ಒಳ್ಳೆಯ ಹೆಸರು ಬಂತು. ಇವೆಲ್ಲಕ್ಕೂ ಊರಲ್ಲಿ ಒಂದೇ ಮಾತು: ವಾಯು.

ನೀರಿನಿಂದ ಬಂದ ನೋವಿಗೆ ಯಾವ ಸೊಪ್ಪು ಕಟ್ಟಿದರೇನು, ಕುಡಿಯುವ ನೀರು ಬದಲಾಗದೆ? ಹಾಗಾಗಿ ಇಲ್ಲಿ ಪ್ರಯೋಗ ಮಾಡುವವರು ಗಿಡಕ್ಕೆ ಮುನ್ನ ಮೂತ್ರದ ಫ್ಲೋರೈಡ್ ನೋಡಬೇಕು, ಎಕ್ಸ್‌ರೇ ತೆಗೆಸಬೇಕು.

ಇನ್ನು ಗಿಡದ ಮಾತು. ಕ್ಯಾಪ್ಸೂಲಿನ ಪ್ರಯೋಗ ಹಳ್ಳಿಯ ರೂಢಿಯನ್ನು ಮುಟ್ಟುವುದೇ ಇಲ್ಲ. ಹಳ್ಳದ ದಂಡೆಯ ಲಕ್ಕಿ ಸೊಪ್ಪನ್ನು ನಮ್ಮವರು ನುಂಗುವುದಕ್ಕಿಂತ ಕುದಿಸಿ ಶಾಖ ಕೊಡುವುದೇ ಹೆಚ್ಚು. ಇಲ್ಲವೇ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಇಡುತ್ತಾರೆ. ಅಲ್ಲಿ ಗುಣ ಕೊಡುವುದು ಲಕ್ಕಿಯೋ, ಬರಿಯ ಬಿಸಿಯೋ, ಅರ್ಧ ಗಂಟೆ ಕಾಲು ನೀವಿದ ಮಗಳ ಕೈಯೋ? ಬೇರ್ಪಡಿಸಿ ನೋಡಲು ಸಾಧ್ಯ: ಒಂದು ಗುಂಪಿಗೆ ಲಕ್ಕಿ ಶಾಖ, ಇನ್ನೊಂದಕ್ಕೆ ಅಷ್ಟೇ ಬಿಸಿಯ ಬೇರೆ ಸೊಪ್ಪಿನ ಶಾಖ. ಲಕ್ಕಿಯ ಘಾಟು ಇಲ್ಲಿನವರಿಗೆಲ್ಲ ಗೊತ್ತಿರುವುದರಿಂದ ರೋಗಿಯಿಂದ ಗುಟ್ಟು ಮುಚ್ಚಿಡಲಾಗದು. ಮಂಡಿ ಎಷ್ಟು ಮಡಚುತ್ತದೆಂದು ಅಳೆಯುವವರಿಂದಲಾದರೂ ಮುಚ್ಚಿಡಬಹುದು.

ಇಂಥದ್ದಕ್ಕೆ ಔಷಧ ಕಂಪನಿ ಹಣ ಹಾಕುವುದಿಲ್ಲ, ಕುದಿಸಿದ ಸೊಪ್ಪಿಗೆ ಪೇಟೆಂಟ್ ಇಲ್ಲವಲ್ಲ. ಆದರೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಒಂದು ಕಾಲಕ್ಕೆ ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಲಕ್ಕಿ ಶಾಖದ ಪ್ರಯೋಗಕ್ಕೆ ದೊಡ್ಡ ಯಂತ್ರವೇನೂ ಬೇಡ. ಪಕ್ಕದ ಹಳ್ಳಿಗಳ ನೋಯುವ ಮಂಡಿಗಳ ಪಟ್ಟಿಯನ್ನಾದರೂ ಅಲ್ಲಿಂದ ಶುರುಮಾಡಬಹುದು.