ಹಲಗಿಯ ದನಿ ಒಳಗೆ, ಹಲಗಿಯವನು ಹೊರಗೆ: ನನ್ನದೇ ಪ್ರವಾಸ ಲೇಖನದ ಮರುಓದು

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ಬರೆಯಬೇಕೆಂದು ಗೆಳೆಯರು ಕೇಳಿದಾಗ ಆತ್ಮಕಥನಗಳ ಬಗ್ಗೆ ಬರೆಯೋಣವೆಂದುಕೊಂಡಿದ್ದೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪಠ್ಯವೇ ಬೇರೆ. ಅದನ್ನು ಬರೆದ ಪುಣ್ಯಾತ್ಮ ನಾನೇ. ಭಾನುವಾರದ ಪುರವಣಿಯೊಂದರಲ್ಲಿ ಅರ್ಧ ಪುಟ ಬಂದ ಪ್ರವಾಸ ಲೇಖನ ಅದು. ಓದಿದವರು ಫೋನು ಮಾಡಿ ಹೊಗಳಿದರು. ಹೊಗಳದೆ ಉಳಿದವರು ಒಬ್ಬರೇ. ಅವರಿಗೆ ಓದಲು ಬರುವುದಿಲ್ಲ.

2018ರ ಡಿಸೆಂಬರ್‌ನಲ್ಲಿ ಬೆಳಗಾವಿಯಿಂದ ನಾವು ಹನ್ನೆರಡು ಜನ ಮಾಸ್ತರರು, ಅವರ ಮನೆಯವರು ಸೇರಿ ಶ್ರೀಲಂಕಾಕ್ಕೆ ಹೋಗಿಬಂದೆವು. ಏಳು ದಿನದ ಟೂರು. ಕಡಲ ದಂಡೆಗೆ ಎರಡು ದಿನ, ಗುಡಿ-ವಿಹಾರಗಳಿಗೆ ಐದು ದಿನ. ಕೆಲನಿಯದ ಸ್ತೂಪ, ದಂಬುಲ್ಲದ ಗುಹೆಗಳು, ಕ್ಯಾಂಡಿಯ ದಂತಧಾತು ಮಂದಿರ, ನುವರ ಎಲಿಯದ ಹತ್ತಿರ ಸೀತೆಯ ಗುಡಿ. ನಮ್ಮ ಗುಂಪಿನಲ್ಲಿ ಎಲ್ಲ ಜಾತಿಯವರೂ ಇದ್ದರು. ರಾಮಾಯಣದ ಜಾಗ ನೋಡಲು ಬಂದವರಿಗೆ ಸೀತೆಯ ಗುಡಿ, ಬುದ್ಧನನ್ನು ನೋಡಲು ಬಂದ ನನ್ನಂಥವರಿಗೆ ವಿಹಾರಗಳು. ಟೂರಿನವನು ಎಲ್ಲರನ್ನೂ ಸಂತೋಷಪಡಿಸುವಂತೆ ಹಂಚಿದ್ದ.

ಬಂದವನೇ ಬರೆದೆ. ಮಳೆ, ತೆಂಗು, ಬಿಳಿ ಬಟ್ಟೆ ತೊಟ್ಟು ಕಮಲದ ಹೂ ಹಿಡಿದು ಸಾಲುಗಟ್ಟಿ ನಿಂತ ಜನ. ಕ್ಯಾಂಡಿಯ ಮಂದಿರದ ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಿಸಿದರು, ಮೊಣಕಾಲು ಮುಚ್ಚಿದೆಯೇ ಎಂದು ನೋಡಿದರು, ಕುಲ ಕೇಳಲಿಲ್ಲ ಎಂದು ಬರೆದೆ. ಅದು ನಿಜವೇ. ಆ ಹೊಸ್ತಿಲು ದಾಟುವಾಗ ಎದೆ ತುಂಬಿಬಂದದ್ದೂ ನಿಜ, ಅದನ್ನು ಈಗ ಅಲ್ಲಗಳೆಯುವುದಿಲ್ಲ. ಆಮೇಲೆ ಈ ವಾಕ್ಯ ಬರೆದೆ: 'ಸಂಜೆಯ ಪೂಜೆಗೆ ಮೊಳಗಿದ ಡೋಲಿನ ನಾದ ನನ್ನನ್ನು ಬೇರೊಂದು ಲೋಕಕ್ಕೆ ಕರೆದೊಯ್ದಿತು.'

ನನ್ನೂರು ಖಾನಾಪುರ ತಾಲೂಕಿನದು. ಹೆಸರು ಬೇಡ, ನಮ್ಮವರು ಈಗಲೂ ಅಲ್ಲೇ ಬಾಳುವೆ ಮಾಡಬೇಕು. ನನ್ನ ಕಾಕಾ ಆ ಊರಿನ ದೇವಿಯ ಜಾತ್ರೆಗೆ ನಲವತ್ತು ವರ್ಷ ಹಲಗಿ ಬಾರಿಸಿದವನು. ಅವನ ಜಾಗ ದೀಪಮಾಲೆ ಕಂಬದ ಬುಡ. ಅಲ್ಲಿಂದ ಮುಂದೆ ಅವನ ಹಲಗಿಯ ಸಪ್ಪಳ ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ. ಲೇಖನ ಬಂದ ಪೇಪರನ್ನು ಅವನ ಮೊಮ್ಮಗಳು ಜೋರಾಗಿ ಓದಿ ಹೇಳಿದಳು. ಮುಂದಿನ ವಾರ ನಾನು ಹೋದಾಗ ಕಾಕಾ ಕೇಳಿದ:

"ತಮ್ಮಾ, ಆ ಡೋಲು ಬಾರ್ಸಾವ್ರು ಯಾರು?"

"ಗುಡಿಯವ್ರ ಇರಬೇಕು, ಕಾಕಾ."

"ಗುಡಿಯವ್ರು ಬ್ಯಾರೆ, ಬಾರ್ಸಾವ್ರು ಬ್ಯಾರೆ. ಎಲ್ಲಿ ನಿಂತಿದ್ರು? ಒಳಗೋ, ಹೊರಗೋ?"

ನೆನಪು ಮಾಡಿಕೊಂಡೆ. ಹಲ್ಲಿನ ಕರಡಿಗೆ ಇರುವ ಗರ್ಭಗೃಹ ಮಾಳಿಗೆಯ ಮೇಲೆ. ಡೋಲಿನವರು ಕೆಳಗಿನ ಅಂಗಳದಲ್ಲಿ, ಬರಿ ಮೈಯಲ್ಲಿ, ಸೊಂಟಕ್ಕೆ ಕೆಂಪು ಬಟ್ಟೆ ಬಿಗಿದು ನಿಂತಿದ್ದರು. ನಾವೆಲ್ಲ ಅವರನ್ನು ಬಳಸಿಕೊಂಡು ಮೆಟ್ಟಿಲು ಹತ್ತಿದ್ದೆವು. ನಾನು ಅವರ ಫೋಟೋ ಕೂಡ ತೆಗೆದಿದ್ದೆ. ಕಾಕಾನ ಮುಂದೆ ನನಗೆ ಉತ್ತರ ಹೊರಡಲಿಲ್ಲ.

ಬೆಳಗಾವಿಗೆ ಮರಳಿದ ಮೇಲೆ ಓದಲು ಕೂತೆ. ಸಿಂಹಳರಲ್ಲಿ ಡೋಲು ಬಾರಿಸುವುದು ಒಂದು ಜಾತಿಯ ಕಸುಬು. ಆ ಜಾತಿಯ ಹೆಸರು ಬೆರವ. ಬೆರ ಅಂದರೆ ಡೋಲು. ಕ್ಯಾಂಡಿಯ ಅರಸರ ಕಾಲದಲ್ಲಿ ಭೂಮಿಗೆ ಬದಲಾಗಿ ಮಾಡಬೇಕಾದ ಸೇವೆಯೆಂದು ಈ ಕೆಲಸವನ್ನು ಅವರಿಗೆ ಕಟ್ಟಿಹಾಕಿದ್ದರು. ನಮ್ಮ ಕಡೆಯ ಇನಾಮು, ಬಲುತಿ, ಆಯಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜೆಯ ಮೇಳದಲ್ಲಿ ದವುಲ ಎಂಬ ಡೋಲು, ಹೊರಣೆವ ಎಂಬ ಊದುವ ವಾದ್ಯ, ಜೊತೆಗೆ ಎರಡು ಕಡ್ಡಿಯಿಂದ ಬಾರಿಸುವ ಜೋಡಿ ವಾದ್ಯವೊಂದು ಇರುತ್ತವೆ. ಆ ಜೋಡಿಯ ಹೆಸರು ತಮ್ಮಟ್ಟಮ. ನಮ್ಮ ಬೆಳಗಾವಿ ಸೀಮೆಯಲ್ಲಿ ಹಲಗಿ ಅನ್ನುವುದನ್ನೇ ಮೈಸೂರಿನ ಕಡೆ ತಮಟೆ, ತಮ್ಮಟ ಅನ್ನುತ್ತಾರೆ. ವಾದ್ಯ ಒಂದೇ ಅಲ್ಲ, ಆದರೆ ಹೆಸರು ಕಡಲು ದಾಟಿದೆ. ಆ ಹೆಸರನ್ನು ಗೈಡು ಹೇಳಿದಾಗ ಕನ್ನಡದ ಮಾಸ್ತರನಾದ ನನ್ನ ಕಿವಿಗೆ ಅದು ಬಡಿಯಲಿಲ್ಲವಲ್ಲ!

ಇನ್ನು ಕುಲ ಕೇಳದ ಬಾಗಿಲಿನ ಮಾತು. ಪರದೇಶದವರು ಆ ಮಂದಿರಕ್ಕೆ ಟಿಕೇಟು ಕೊಂಡು ಹೋಗಬೇಕು. ಟಿಕೇಟು ಕೊಂಡ ಪರದೇಶಿಗೆ ಜಾತಿ ಇಲ್ಲ. ಆದರೆ ಆ ಮಂದಿರದ ಪೂಜೆಯ ಹಕ್ಕಿರುವ ಮಲ್ವತ್ತ ಮತ್ತು ಅಸ್ಗಿರಿಯ ಎಂಬ ಎರಡು ಪೀಠಗಳು ಸಿಯಾಮ್ ನಿಕಾಯಕ್ಕೆ ಸೇರಿದವು. 1753ರಲ್ಲಿ ಸಿಯಾಮಿನಿಂದ ಭಿಕ್ಕುಗಳನ್ನು ಕರೆಸಿ ಕಟ್ಟಿದ ಆ ಸಂಘ ಕೆಲವೇ ವರ್ಷಗಳಲ್ಲಿ ಉಪಸಂಪದೆಯನ್ನು ಗೊವಿಗಮ ಎಂಬ ಒಕ್ಕಲು ಮೇಲ್ಜಾತಿಗೆ ಮಾತ್ರ ಮೀಸಲು ಮಾಡಿತು. ಆ ಕಟ್ಟಳೆ ಇವತ್ತಿಗೂ ಸಡಿಲವಾಗಿಲ್ಲ. ದಾಲ್ಚಿನ್ನಿ ಸುಲಿಯುವ ಸಲಾಗಮ ಜಾತಿಯವರು ಇದನ್ನು ಧಿಕ್ಕರಿಸಿ ಹಡಗು ಹತ್ತಿ ಬರ್ಮಾಕ್ಕೆ ಹೋಗಿ ದೀಕ್ಷೆ ಪಡೆದು, 1803ರಲ್ಲಿ ಮರಳಿ ಬಂದು ಅಮರಪುರ ನಿಕಾಯ ಕಟ್ಟಿದರು. ಬುದ್ಧನ ನಾಡಿನಲ್ಲಿ ಬುದ್ಧನ ಸಂಘ ಸೇರಲಿಕ್ಕೆ ಕಡಲು ದಾಟಬೇಕಾಯಿತು! ನಾನು ಭಕ್ತಿಯಿಂದ ದಾಟಿದ ಹೊಸ್ತಿಲಿನ ಒಳಗೆ ಇನ್ನೊಂದು ಹೊಸ್ತಿಲಿತ್ತು. ಅದು ಪ್ರವಾಸಿಯ ಕಾಲಿಗೆ ತೊಡರುವುದಿಲ್ಲ.

ದಂಬುಲ್ಲದ್ದು ಇನ್ನೂ ಗೋಜಲಿನ ಕಥೆ. ಗೈಡು ಗುಹೆಯ ಚಿತ್ರ ತೋರಿಸಿದ, ಮಲಗಿದ ಬುದ್ಧನ ಉದ್ದ ಹೇಳಿದ. ಅದೇ ದಂಬುಲ್ಲದ ಭಿಕ್ಕುಗಳು 1985ರಲ್ಲಿ ಅಸ್ಗಿರಿಯ ಪೀಠವನ್ನು ಎದುರುಹಾಕಿಕೊಂಡು ಜಾತಿ ನೋಡದೆ ಉಪಸಂಪದೆ ಕೊಟ್ಟರೆಂಬುದನ್ನು ಹೇಳಲಿಲ್ಲ. ಅದನ್ನು ಓದಿ ನಾನು ಕುಣಿದಾಡುವಷ್ಟರಲ್ಲಿ ಇನ್ನೊಂದು ಪುಟ ತೆರೆಯಿತು: 2012ರ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ ಭಿಕ್ಕುಗಳ ಮುಂದಾಳುತನದಲ್ಲೇ ಗುಂಪೊಂದು ಮಸೀದಿಗೆ ನುಗ್ಗಿತ್ತು. ಜಾತಿಯನ್ನು ಮೀರಿದವರು ಮತದ್ವೇಷವನ್ನೂ ಮೀರಿರುತ್ತಾರೆ ಎಂಬ ಭರವಸೆ ಇಲ್ಲ. ಇದನ್ನು ನಮ್ಮ ಕಡೆಯೂ ನೋಡುತ್ತಿದ್ದೇವೆ.

ಆ ದ್ವೀಪದ ಹಿಂದೂ ಗುಡಿಗಳ ಕಥೆಗೆ ಕನ್ನಡಿ ಬೇಡ. ಸಾಮಾಜಿಕ ನಿರ್ಬಂಧಗಳನ್ನು ಅಪರಾಧವೆಂದ ಕಾಯಿದೆ 1957ರಲ್ಲೇ ಬಂದಿತ್ತು. ಆದರೂ 1968ರಲ್ಲಿ ಜಾಫ್ನಾದ ಮಾವಿಟ್ಟಪುರಂ ಕಂದಸ್ವಾಮಿ ಗುಡಿಯ ಬಾಗಿಲಲ್ಲಿ ದಲಿತರು ಸತ್ಯಾಗ್ರಹ ಕೂಡಬೇಕಾಯಿತು, ಏಟು ತಿನ್ನಬೇಕಾಯಿತು. ಕೆ. ಡೇನಿಯಲ್ ಎಂಬ ತಮಿಳು ಲೇಖಕರು ಈ ಹೋರಾಟಗಳ ಒಳಗಿನಿಂದಲೇ 'ಪಂಚಮರ್' ಕಾದಂಬರಿ ಬರೆದರು. ನುವರ ಎಲಿಯಕ್ಕೆ ಏರುವಾಗ ನಾವು 'ಆಹಾ' ಎಂದು ನೋಡಿದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರಲ್ಲಿ ಬಹಳಷ್ಟು ಮಂದಿ ನಮ್ಮವರೇ. 1948ರ ಕಾಯಿದೆ ಅವರ ಪೌರತ್ವ ಕಿತ್ತುಕೊಂಡಿತು. 1964ರ ಒಪ್ಪಂದದ ಮೇಲೆ ಹಡಗು ಹತ್ತಿಸಿ ಕಳಿಸಿದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದು ಬಿದ್ದರು. ಇದ್ಯಾವುದೂ ನನ್ನ ಅರ್ಧ ಪುಟದಲ್ಲಿ ಇರಲಿಲ್ಲ.

ಜಾಗ ಸಾಲದ್ದಕ್ಕೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ನಾನು ಬರೆಯಲು ಕೂತಾಗ ನನಗಿಂತ ಮೊದಲೇ ಒಂದು 'ನಾನು' ಬಂದು ಕುರ್ಚಿಯಲ್ಲಿ ಕೂತಿತ್ತು. ಅದು ಕನ್ನಡ ಪ್ರವಾಸ ಕಥನದ 'ನಾನು'. ಗೋಕಾಕರ 'ಸಮುದ್ರದಾಚೆಯಿಂದ', ಗೊರೂರರ 'ಅಮೆರಿಕದಲ್ಲಿ ಗೊರೂರು', ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ'ಗಳನ್ನು ಓದಿ ಬೆಳೆದವನು ನಾನು. ಅವುಗಳ ನಗು, ಮನೆಮಾತಿನ ಸಲಿಗೆ ನನಗೆ ಈಗಲೂ ಇಷ್ಟ. ಆದರೆ ಆ ಸಲಿಗೆ ಎಲ್ಲಿಂದ ಬಂತು? ಯಾವ ಮನೆಯ ಪಡಸಾಲೆಗೆ ಹೋದರೂ ಕೂತುಕೋ ಅನ್ನಿಸಿಕೊಂಡವನ ಸಲಿಗೆ ಅದು. ಬಾಗಿಲು ತೆರೆದೇ ಇರುತ್ತದೆಂಬ ನಂಬಿಕೆ ಆ ಗದ್ಯದ ಅಡಿಪಾಯದಲ್ಲೇ ಇದೆ. ಅಂಥವನಿಗೆ ಡೋಲು ಅಂದರೆ ನಾದ. ಡೋಲಿನ ಚರ್ಮ, ಚರ್ಮ ಹದ ಮಾಡಿದ ಕೈ, ಆ ಕೈಗೆ ಸಿಕ್ಕ ಕೂಲಿ ಅವನ ವಾಕ್ಯದೊಳಗೆ ಹಿಡಿಸುವುದಿಲ್ಲ. ಭಾನುವಾರದ ಪುರವಣಿಗಳ ದ್ವೀಪ ಪ್ರವಾಸಗಳು, ಬಾಲಿಯ ಗುಡಿಗಳು, ಲಂಕೆಯ ಸ್ತೂಪಗಳು ಇದೇ ಗದ್ಯದ ಮೊಮ್ಮಕ್ಕಳು. ಹಿರಿಯರ ಸಲಿಗೆ ಹೋಗಿ ಬರೀ ಮೈಮರೆವು ಉಳಿದಿದೆ.

ದಲಿತ ಬರಹಗಾರರು ಕಾವ್ಯವನ್ನು ಒಡೆದು ಕಟ್ಟಿದರು. 'ಊರುಕೇರಿ', 'ಗೌರ್ಮೆಂಟ್ ಬ್ರಾಹ್ಮಣ'ಗಳು ಆತ್ಮಕಥೆಯೆಂಬ ಪ್ರಕಾರವನ್ನೇ ತಿರುವಿಹಾಕಿದವು. ಸಿದ್ಧಲಿಂಗಯ್ಯನವರು 'ಅವತಾರಗಳು' ಬರೆದಾಗ ಊರೂರಿನ ಬಡ ದೇವರುಗಳ ಪಕ್ಕದಲ್ಲಿ ನಿಂತು ಮಾತಾಡಿಸಿದರು, ದರ್ಶನ ಪಡೆಯಲಿಲ್ಲ. ಪ್ರವಾಸ ಕಥನದ ಜೊತೆ ಮಾತ್ರ ನಾವು ಅಷ್ಟು ಜಗಳ ಮಾಡಿಲ್ಲ. ಸಂಬಳ ಬಂತು, ಪಾಸ್‌ಪೋರ್ಟು ಬಂತು, ಬರೆಯಲು ಸಿದ್ಧ ಗದ್ಯವೂ ಸಿಕ್ಕಿತು. ಹೊಸ ಬಟ್ಟೆ ತೊಟ್ಟಂತೆ ಅದನ್ನು ತೊಟ್ಟುಕೊಂಡೆವು. ನಾನಂತೂ ತೊಟ್ಟೆ.

ಇನ್ನೊಂದು ಬಗೆಯ ಪ್ರವಾಸವೂ ನಮ್ಮಲ್ಲಿದೆ. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದ ಬಾಬಾಸಾಹೇಬರು, 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುಮಾಡಿದರು. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ ಆ ಬಾಗಿಲಿಗೇ ಬೆನ್ನು ತಿರುಗಿಸಿದರು. 1950ರ ಮೇ ತಿಂಗಳಲ್ಲಿ, ಕೇಂದ್ರದ ಕಾನೂನು ಮಂತ್ರಿಯಾಗಿದ್ದಾಗ, ವಿಶ್ವ ಬೌದ್ಧರ ಮೊದಲ ಸಮ್ಮೇಳನದ ಹೊತ್ತಿಗೆ ಇದೇ ಲಂಕೆಗೆ ಹೋದರು. ಪ್ರತಿನಿಧಿಯಾಗಿ ಕೂಡಲು ಒಪ್ಪಲಿಲ್ಲ. ಬೌದ್ಧರ ಆಚರಣೆ ನೋಡಲು, ಈ ಧರ್ಮ ಇಲ್ಲಿ ಎಷ್ಟು ಜೀವಂತವಾಗಿದೆ ಎಂದು ತಿಳಿಯಲು ಬಂದಿದ್ದೇನೆ ಎಂದರು. ಕೊಲಂಬೊದ ಸಭೆಯಲ್ಲಿ ಅಲ್ಲಿನ ಅಸ್ಪೃಶ್ಯರಿಗೆ ಬೌದ್ಧರಾಗಿ ಎಂದು ಕರೆಕೊಟ್ಟರು. 1954ರ ಡಿಸೆಂಬರ್‌ನಲ್ಲಿ ರಂಗೂನಿನ ಸಮ್ಮೇಳನ, 1956ರ ಅಕ್ಟೋಬರ್ 14ಕ್ಕೆ ನಾಗಪುರ. ಇದನ್ನು ನಾವು ಚರಿತ್ರೆಯೆಂದು ಓದುತ್ತೇವೆ. ಪ್ರವಾಸವೆಂದೂ ಓದಬೇಕು. ವಿಹಾರಕ್ಕೆ ಹೋದ ಮನುಷ್ಯ ಅಲ್ಲಿ ಏನು ನೋಡಲು ಹೋಗಿದ್ದ? ತನ್ನ ಜನಕ್ಕೆ ಈ ಮನೆಯಲ್ಲಿ ಜಾಗವಿದೆಯೇ ಎಂದು ನೋಡಲು ಹೋಗಿದ್ದ. ಅದೇ ದ್ವೀಪಕ್ಕೆ 68 ವರ್ಷಗಳ ಮೇಲೆ ಹೋದ ನಾನು ಫೋಟೋ ತೆಗೆದುಕೊಂಡು ಬಂದೆ.

ಈ ಮಾತನ್ನು ಬೆಳಗಾವಿಯ ಒಂದು ಸಭೆಯಲ್ಲಿ ಹೇಳಿದಾಗ ಸಂಘಟನೆಯ ಹಳೆಯ ಗೆಳೆಯನೊಬ್ಬ ರೇಗಿದ. "ಊರೂರು ತಿರುಗಿ ಹಲಗಿ ಬಿಡಿಸಿದವ್ರು ನಾವು. ಸತ್ತವರ ಮುಂದ, ಗುಡಿ ಮುಂದ ಬಾರಸೂದಿಲ್ಲ ಅಂತ ಆಣೆ ಮಾಡಿಸಿದ್ವಿ. ನೀ ಈಗ ಹಲಗಿನ್ನ ಸಾಹಿತ್ಯದಾಗ ತಂದು ಮತ್ತ ಕೊರಳಿಗೆ ಹಾಕ್ತಿ?" ಅವನ ಸಿಟ್ಟು ಸುಳ್ಳಲ್ಲ. ಆದರೆ ಅದೇ ಸಂಘಟನೆಯ ಮೆರವಣಿಗೆಗಳ ಮುಂದೆ ಹಲಗಿ ಇತ್ತಲ್ಲ. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವಲ್ಲ. ಬಾರಿಸಬೇಕೋ ಬಿಡಬೇಕೋ ಎಂಬುದನ್ನು ಬಾರಿಸುವವನು ತೀರ್ಮಾನಿಸಲಿ. ವಿಮರ್ಶಕನ ಕೆಲಸ, ನಾದವನ್ನು ಹೊಗಳುವ ವಾಕ್ಯ ಕಂಡಲ್ಲೆಲ್ಲ ನಿಂತು ಯಾರ ಕೈ, ಎಲ್ಲಿ ನಿಂತಿದ್ದ ಎಂದು ಕೇಳುವುದು. ಗೆಳೆಯನಿಗೆ ಈ ಉತ್ತರ ಸಾಕಾಗಲಿಲ್ಲ. ನನಗೂ ಪೂರ್ತಿ ಸಾಕಾಗಿಲ್ಲ.

ಕಳೆದ ವರ್ಷ ಕಾಕಾನನ್ನು ಹಲಸಿಗೆ ಕರೆದುಕೊಂಡು ಹೋಗಿದ್ದೆ. ಖಾನಾಪುರ ತಾಲೂಕಿನಲ್ಲೇ ಹುಟ್ಟಿ ಎಪ್ಪತ್ತು ದಾಟಿದರೂ ಅವನು ಅದನ್ನು ನೋಡಿರಲಿಲ್ಲ. ನಂದಗಡದಲ್ಲಿ ಇಳಿದು ರಾಯಣ್ಣನ ಸಮಾಧಿಗೆ ಕೈಮುಗಿದ, ಆಲದ ಮರಕ್ಕೆ ಜನ ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ಮುಟ್ಟಿ ನೋಡಿದ. ಹಲಸಿಯ ಭೂವರಾಹ ನರಸಿಂಹ ಗುಡಿ ಗೋವೆಯ ಕದಂಬರ ಕಾಲದ್ದು, 12ನೆಯ ಶತಮಾನದ್ದು. ಎದುರುಬದುರು ಎರಡು ಗರ್ಭಗುಡಿ. ಬೆಳಗಾವಿ ಕೋಟೆಯ ಕಮಲಬಸದಿಯಲ್ಲಿ 1204ರಲ್ಲಿ ಕಟ್ಟಿಸಿದ ರಟ್ಟರ ಮಂತ್ರಿ ಬೀಚಿರಾಜನ ಹೆಸರು ಹೇಗೆ ಉಳಿದಿದೆಯೋ ಹಾಗೆ ಇಲ್ಲಿಯೂ ಅರಸರ ಹೆಸರು ಉಳಿದಿದೆ. ನಾನು ಇದನ್ನೆಲ್ಲ ಗೈಡಿನ ಹಾಗೆ ಹೇಳುತ್ತಾ ಒಳಗೆ ಹೋದೆ. ತಿರುಗಿ ನೋಡಿದರೆ ಕಾಕಾ ಇಲ್ಲ. ಯಾರೂ ತಡೆದಿರಲಿಲ್ಲ, ತಡೆಯಲು ಅಲ್ಲಿ ಯಾರೂ ಇರಲೂ ಇಲ್ಲ. ಅವನು ಅಂಗಳದಲ್ಲೇ ನಿಂತು ಗೋಡೆ, ಮಾಡು, ಬಾಗಿಲು ನೋಡುತ್ತಿದ್ದ. ಒಂದೆರಡು ಸಲ ಚಪ್ಪಾಳೆ ತಟ್ಟಿದ.

"ಇಲ್ಲಿ ನಿಂತ ಬಾರಿಸಿದ್ರ ಒಳಗ ಚಲೋ ಕೇಳಸ್ತೈತಿ. ಇಲ್ಲೇ ನಿಂದರ್ಸಿರ್ತಾರ," ಎಂದ.

ಆ ಮೇಲೆ ಒಳಗೆ ಬಂದ. ಎರಡೂ ಗರ್ಭಗುಡಿ ನೋಡಿದ.

ಈ ಲೇಖನಕ್ಕೆಂದು ನನ್ನ ಹಳೆಯ ವಾಕ್ಯವನ್ನು ತಿದ್ದಿ ಬರೆದೆ. 'ಸಂಜೆಯ ಪೂಜೆಗೆ, ಮಾಳಿಗೆಯ ಮೇಲಿನ ಗರ್ಭಗೃಹದ ಕೆಳಗೆ ಅಂಗಳದಲ್ಲಿ ನಿಂತು, ತಲೆಮಾರುಗಳಿಂದ ಈ ಕೆಲಸಕ್ಕೆ ಕಟ್ಟುಬಿದ್ದ ಬೆರವ ಜಾತಿಯ ನಾಲ್ವರು ಡೋಲು ಬಾರಿಸುತ್ತಿದ್ದರು.' ನಾದವೂ ಹೋಯಿತು, ಬೇರೊಂದು ಲೋಕವೂ ಹೋಯಿತು. ಬರೆದದ್ದನ್ನು ಕಾಕಾನ ಮುಂದೆ ಓದಿದೆ. ಬಹಳ ಹೊತ್ತು ಸುಮ್ಮನಿದ್ದ.

"ನಾಕ ಮಂದಿ ಅಂತಿ. ಅವ್ರೂ ಬೆರವರ ಅಂತ ನಿನಗ ಯಾರ ಹೇಳಿದ್ರು? ಹೆಸರರೆ ಕೇಳಿದ್ದೇನು?"

ಕೇಳಿರಲಿಲ್ಲ. ಪುಸ್ತಕ ಓದಿ ಬರೆದಿದ್ದೆ.