ಹಿಂಡಿನ ಒಡೆಯನೋ, ಮನೆಯ ಹಿರಿಯನೋ?

ತೋಳದ ಹಿಂಡಿಗೊಬ್ಬ ಒಡೆಯನುಂಟು, ಕಾದಾಡಿ ಗೆದ್ದವನೇ ಆಳುವನು, ಉಳಿದವರು ಬಾಲ ಮುದುರಿಕೊಂಡು ಬಾಳುವರು ಎಂಬ ಮಾತನ್ನು ನೀವೂ ಕೇಳಿರಬಹುದು. ಆ ಒಡೆಯನಿಗೆ ಗ್ರೀಕ್ ಅಕ್ಷರಮಾಲೆಯ ಮೊದಲಕ್ಷರವಾದ ‘ಆಲ್ಫಾ’ ಎಂಬ ಹೆಸರೂ ಇದೆ. ಅಧಿಕಾರ ನಡೆಸುವವರಿಗೆ ಈ ಮಾತು ಬಲು ಪ್ರಿಯ. ಪ್ರಕೃತಿಯ ನಿಯಮವೇ ಹೀಗೆಂದುಬಿಟ್ಟರೆ ದರ್ಪಕ್ಕೆ ಬೇರೆ ಸಮರ್ಥನೆ ಬೇಕಿಲ್ಲವಷ್ಟೆ. ಆದರೆ ಈ ನಿಯಮವನ್ನು ಕಂಡವರು ಯಾರು? ಎಲ್ಲಿ ಕಂಡರು?

ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಕುರಿತ ತಮ್ಮ ಪ್ರಬಂಧವನ್ನು 1947ರಲ್ಲಿ ಪ್ರಕಟಿಸಿದರು. ಸುಮಾರು 10 ಮೀಟರ್ ಅಗಲ, 20 ಮೀಟರ್ ಉದ್ದದ ಆವರಣದಲ್ಲಿ ಹತ್ತರವರೆಗೂ ತೋಳಗಳಿದ್ದವು. ಜಗಳವಾದರೆ ದೂರ ಸರಿಯಲು ಅವಕ್ಕೆ ದಾರಿಯಿರಲಿಲ್ಲ. ಅಲ್ಲಿ ಕಂಡ ಪೈಪೋಟಿ ಸುಳ್ಳಲ್ಲ. ಅದನ್ನೇ ಕಾಡಿನ ಬಾಳೆಂದು ಬಗೆದದ್ದು ತಪ್ಪು.

ಈ ಕಲ್ಪನೆಯನ್ನು ಲೋಕಕ್ಕೆಲ್ಲ ಹರಡುವಲ್ಲಿ ಅಮೆರಿಕದ ಎಲ್. ಡೇವಿಡ್ ಮೀಚ್ ಅವರ ‘ದಿ ವುಲ್ಫ್’ (1970) ಗ್ರಂಥದ ಪಾಲು ದೊಡ್ಡದು. ಅಂದಿನವರೆಗಿನ ತಿಳಿವನ್ನು ಒಟ್ಟುಗೂಡಿಸಿದ ಆ ಗ್ರಂಥದ ಶ್ರಮವನ್ನು ಅಲ್ಲಗಳೆಯಲಾಗದು. ಅದರ ದೋಷವಿರುವುದು ಬೋನಿನ ಸಾಕ್ಷ್ಯವನ್ನು ಕಾಡಿಗೆ ಅನ್ವಯಿಸಿದಲ್ಲಿ. ಮುಂದೆ 1986ರಿಂದ ಮೀಚ್ ಅನೇಕ ಬೇಸಿಗೆಗಳನ್ನು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳ ಸನಿಹದಲ್ಲೇ ಕಳೆದರು. ಅವರು ಕಂಡದ್ದು ರಣರಂಗವನ್ನಲ್ಲ, ಒಂದು ಸಂಸಾರವನ್ನು: ತಂದೆ, ತಾಯಿ, ಹಿಂದಿನ ವರ್ಷದ ಮಕ್ಕಳು, ಹೊಸ ಮರಿಗಳು. ಬೆಳೆದ ಮಕ್ಕಳು ಮನೆ ಬಿಟ್ಟು, ಜೊತೆ ಹುಡುಕಿ, ತಮ್ಮದೇ ಹಿಂಡು ಕಟ್ಟುತ್ತವೆ. ಹಿರಿಯ ಜೋಡಿಯ ಮಾತು ನಡೆಯುವುದು ಹೆತ್ತವರೆಂಬ ಕಾರಣಕ್ಕೆ. 1999ರಲ್ಲಿ ಅವರು ಇದನ್ನು ಸ್ಪಷ್ಟವಾಗಿ ಬರೆದರು. ತಮ್ಮ ಹಳೆಯ ಗ್ರಂಥದ ಮುದ್ರಣವನ್ನು ನಿಲ್ಲಿಸಿರೆಂದು ಪ್ರಕಾಶಕರನ್ನೂ ಕೇಳುತ್ತ ಬಂದರು; ಕೊನೆಗೆ 2022ರಲ್ಲಿ ಅದು ನಿಂತಿತು.

ಹಾಗೆಂದು ಪ್ರಾಣಿಗಳಲ್ಲಿ ಮೇಲುಕೀಳೇ ಇಲ್ಲವೆಂದರೆ ಅದು ಇನ್ನೊಂದು ತಪ್ಪಾದೀತು. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಕ್ರಮವಿರುವುದನ್ನು ನಾರ್ವೆಯ ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ತೋರಿಸಿದ್ದರು. ಆಫ್ರಿಕದ ಚುಕ್ಕೆ ಕತ್ತೆಕಿರುಬಗಳಲ್ಲಿ ಹೆಣ್ಣುಗಳದೇ ಮೇಲುಗೈ. ತಾಯಿಯ ಸ್ಥಾನವೇ ಮಕ್ಕಳಿಗೂ ಆಧಾರ. ತೋಳದ ಮಕ್ಕಳೂ ಹೆತ್ತವರೆದುರು ತಗ್ಗಿ ನಡೆಯುತ್ತವೆ. ಹಿಂಡು ಹಿಂಡುಗಳ ನಡುವೆ ಪ್ರಾಣ ಹೋಗುವಂಥ ಕಾಳಗವೂ ಉಂಟು. ಒಂದು ಪ್ರಾಣಿಯ ನಡೆ ಮತ್ತೊಂದಕ್ಕೆ ನಿಯಮವಲ್ಲ. ಮನುಷ್ಯನಿಗಂತೂ ಅದು ಅಪ್ಪಣೆಯಲ್ಲ.

ಬರೆದವರೇ ಹಿಂತೆಗೆದುಕೊಂಡ ಮಾತನ್ನು ನಾವೇಕೆ ಇನ್ನೂ ಬಿಡಲೊಲ್ಲೆವು? ಅದು ನಮ್ಮ ಅಹಂಕಾರಕ್ಕೆ ಅನುಕೂಲವಾಗಿದೆ ಎಂಬುದಲ್ಲದೆ ಬೇರೆ ಕಾರಣ ನನಗೆ ತೋಚದು. ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ, ತೋಳವನ್ನು ತೋರಿಸಿ ದಬ್ಬಾಳಿಕೆಯನ್ನು ಸಮರ್ಥಿಸುವವರು ಎದುರಾದರೆ, ಆ ತೋಳ ಬೋನಿನದೋ ಕಾಡಿನದೋ ಎಂದು ದಯವಿಟ್ಟು ಕೇಳಿ ನೋಡಿ.